ಗುಡುಗಿನ ಲೆಕ್ಕ

ಮೂವತ್ತು ವರ್ಷಗಳಿಂದ ಮಕ್ಕಳಿಗೆ ಇತಿಹಾಸ ಪಾಠ ಹೇಳುತ್ತಾ ಬಂದವಳು ನಾನು. ಪ್ರತಿ ಜೂನ್ ತಿಂಗಳಲ್ಲಿ ಮೊದಲ ಪಾಠ ಆಧಾರಗಳದ್ದು. ಶಾಸನ, ನಾಣ್ಯ, ಕಡತ, ಕಟ್ಟಡ, ಇವು ಯಾವುವೂ ಇಲ್ಲದೆ ಯಾರ ಬಗ್ಗೆಯೂ ಏನನ್ನೂ ಹೇಳಬಾರದು ಮಕ್ಕಳೇ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳುತ್ತಿದ್ದ ನಾನೇ 275 ರೂಪಾಯಿಯ ಒಂದು ಸಣ್ಣ ಹಸಿರು ತಗಡಿನಂಥ ವಸ್ತುವಿನ ದೆಸೆಯಿಂದ, ನನ್ನ ಕೈಯಲ್ಲೇ ಕಲಿತ ಹುಡುಗನೊಬ್ಬನನ್ನು ನಾಲ್ಕು ಜನರೆದುರು ಕಳ್ಳನೆಂದುಬಿಟ್ಟೆ. ಆ ಮಾತು ಆಡಿ ಎಷ್ಟೋ ವರ್ಷಗಳಾದವು. ಏಪ್ರಿಲ್ ತಿಂಗಳ ಸಂಜೆ ಪಶ್ಚಿಮದಲ್ಲಿ ಮೋಡ ಕಟ್ಟಿದಾಗಲೆಲ್ಲ ಅದು ನೆನಪಾಗುತ್ತದೆ.

ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಮನೆ ಎಂದರೆ ಎರಡು ಮನೆ. ಅತ್ತೆ, ಮಾವ, ಭಾವನ ಸಂಸಾರ ಹಳೇಮನೆಯಲ್ಲಿ. ನಾವು ಅಂಗಳದಾಚೆ, ತೆಂಗಿನ ಮರಗಳ ಆ ಬದಿಗೆ ಕಟ್ಟಿಸಿದ ಹೊಸಮನೆಯಲ್ಲಿ. ಊಟ ಬೇರೆಯಾದರೂ ಹಾಲು, ಹೂವು, ಮಾತು ಎಲ್ಲ ಒಟ್ಟಿಗೇ. ನಡುವಿನ ದೂರ ಇನ್ನೂರು ಅಡಿ. 2005ರಲ್ಲಿ ಫೋನಿನ ತಂತಿಯಲ್ಲೇ ವೇಗದ ಇಂಟರ್‌ನೆಟ್ ಬರುತ್ತದೆಂಬ ಸುದ್ದಿ ಬಂತು. ಫೋನು ಇದ್ದದ್ದು ಹಳೇಮನೆಯ ಜಗಲಿಯಲ್ಲಿ. ಕಂಪ್ಯೂಟರು ಭಾವನ ಮಗನಿಗೊಂದು, ನನ್ನ ಮಗಳಿಗೊಂದು. ಎರಡು ಸಂಪರ್ಕಕ್ಕೆ ಎರಡು ಬಿಲ್ಲು ಯಾಕೆ, ಒಂದು ತಂತಿ ಎಳೆದರಾಯಿತು ಎಂದು ಮನೆಮಂದಿಯೆಲ್ಲ ಕೂತು ತೀರ್ಮಾನಿಸಿದೆವು. ಒಟ್ಟು ಕುಟುಂಬದ ಉಳಿತಾಯ ಬುದ್ಧಿ ಎಲ್ಲಿ ಹೋಗುತ್ತದೆ!

ತಂತಿ ಎಳೆಯಲು ಬಂದವನೇ ಆ ಹುಡುಗ. ಎಂಟನೆಯ ಇಯತ್ತೆಯಿಂದ ಹತ್ತರವರೆಗೆ ನನ್ನ ಶಾಲೆಯಲ್ಲಿದ್ದವನು. ಡಿಪ್ಲೊಮಾ ಮುಗಿಸಿ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದ. ಹಳೇಮನೆಯ ಜಗಲಿಯಲ್ಲಿ ಐದು ತೂತಿನ ಪುಟ್ಟ ಪೆಟ್ಟಿಗೆ ಕೂರಿಸಿದ. ಅಲ್ಲಿಂದ ಬೂದು ಬಣ್ಣದ ಕೇಬಲ್ಲನ್ನು ಎರಡು ತೆಂಗಿನ ಮರಕ್ಕೆ ಕಟ್ಟಿ ನಮ್ಮ ಮನೆಯ ಕಿಟಕಿಯಿಂದ ಒಳಗೆ ತಂದ. ನಮ್ಮ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಒಂದು ಕಾರ್ಡು ಸಿಕ್ಕಿಸಿದ. ಅದಕ್ಕೆ ಮುಂಚೆ ಡಬ್ಬಿಯ ತಗಡನ್ನು ಒಮ್ಮೆ ಅಂಗೈಯಿಂದ ಮುಟ್ಟಿದ. "ಅದೇನೋ ನಮಸ್ಕಾರ?" ಎಂದು ಕೇಳಿದೆ. "ಮೈಯಲ್ಲಿ ಕರೆಂಟ್ ಇರ್ತದಲ್ಲ ಅಕ್ಕೋರೆ, ಕಾರ್ಡು ಸುಟ್ಟುಹೋಗ್ತದೆ" ಎಂದ. ಚಳಿಗಾಲದಲ್ಲಿ ನೈಲಾನ್ ಸೀರೆ ಕಳಚುವಾಗ ಚಟಚಟ ಎನ್ನುತ್ತದಲ್ಲ, ಅದೇ ವಿದ್ಯುತ್ತು. ನಮ್ಮ ಬೆರಳಿಗೆ ಅದು ಚುರುಕ್ಕೆನ್ನಬೇಕಾದರೆ ಸುಮಾರು ಮೂರು ಸಾವಿರ ವೋಲ್ಟ್ ಇರಬೇಕಂತೆ. ಮೂರರಿಂದ ಐದು ವೋಲ್ಟಿನಲ್ಲಿ ಕೆಲಸ ಮಾಡುವ ಚಿಪ್ಪಿಗೆ ನಮಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿಯೂ ಸಾಕು. ಹುಡುಗ ಶಾಸ್ತ್ರೋಕ್ತವಾಗಿಯೇ ಕೆಲಸ ಮಾಡುತ್ತಿದ್ದಾನೆ ಎಂದುಕೊಂಡೆ. ಬಿಲ್ಲಿನಲ್ಲಿ ಬೆಲೆಯ ಕೆಳಗೆ ಹನ್ನೆರಡು ಅಂಕೆ ಅಕ್ಷರಗಳ ಒಂದು ಸಾಲು ಬರೆದುಕೊಟ್ಟ. ಅದು ಏನೆಂದು ಕೇಳುವ ವ್ಯವಧಾನ ನನಗಿರಲಿಲ್ಲ. ಬಿಲ್ಲನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದೆ.

ಐದು ತಿಂಗಳು ಎಲ್ಲ ಸುಸೂತ್ರ. 2006ರ ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಕಾರ್ಡಿನ ಹಿಂದಿನ ಹಸಿರು ದೀಪ ಹೊತ್ತಲಿಲ್ಲ. ಹುಡುಗ ಬಂದು ಕ್ರಮವಾಗಿ ನೋಡಿದ. ಕೇಬಲ್ಲಿನ ಎರಡೂ ತುದಿ ತೆಗೆದು ಹಾಕಿದ. ಬೇರೊಂದು ಸಣ್ಣ ಕೇಬಲ್ ಹಾಕಿ ನೋಡಿದ. ಕಾರ್ಡನ್ನು ಪಕ್ಕದ ಸೀಳಿಗೆ ಬದಲಾಯಿಸಿದ. ಅದರ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಿದ. ಕೊನೆಗೆ ಹಳೇಮನೆಯ ಕಂಪ್ಯೂಟರಿಗೆ ಒಯ್ದು ಸಿಕ್ಕಿಸಿದ. ಅಲ್ಲಿಯೂ ಅದು ಸತ್ತೇ ಇತ್ತು. "ಕಾರ್ಡೇ ಹೋಗಿದೆ ಅಕ್ಕೋರೆ, ವಾರಂಟಿ ಇದೆ" ಎಂದು ಅದನ್ನು ಒಯ್ದು, ಮೂರು ದಿನಕ್ಕೆ ಬೇರೆ ತಂದು ಹಾಕಿದ. ದುಡ್ಡು ತೆಗೆದುಕೊಳ್ಳಲಿಲ್ಲ. ಇಪ್ಪತ್ತು ದಿನವೂ ಆಗಿರಲಿಲ್ಲ, ಮೇ ತಿಂಗಳಲ್ಲಿ ಅದೂ ಹೋಯಿತು. ಈ ಸಲ ಸುಟ್ಟ ವಾಸನೆ ಬರುತ್ತಿತ್ತು. "ಸುಟ್ಟಿದ್ದಕ್ಕೆ ಹುಬ್ಬಳ್ಳಿಯವರು ವಾರಂಟಿ ಕೊಡೂದಿಲ್ಲ" ಎಂದು ಹುಡುಗ ಸಂಕೋಚದಿಂದಲೇ 275 ರೂಪಾಯಿ ಕೇಳಿದ. ಯಾಕೆ ಹೀಗಾಗುತ್ತದೆ ಎಂದರೆ, "ಥಂಡಿ ಇರ್‍ಬೇಕು ಅಕ್ಕೋರೆ, ನಮ್ಮ ಬದಿ ಹವೆಯೇ ಹಾಂಗೆ" ಎಂದ. ಮೇ ತಿಂಗಳ ಸೆಕೆಯಲ್ಲಿ ಎಲ್ಲಿಯ ಥಂಡಿ ಎಂದು ನನಗೆ ಆಗಲೇ ಗುಮಾನಿ ಹತ್ತಿತು.

ನಂತರ ಮಳೆಗಾಲ. ಬಟ್ಟೆ ಒಣಗದ, ಹಪ್ಪಳಕ್ಕೆ ಬೂಸಲು ಹಿಡಿಯುವ ನಮ್ಮ ಮಳೆಗಾಲದಲ್ಲಿ ಆ ಕಾರ್ಡು ತಣ್ಣಗೆ ಕೆಲಸ ಮಾಡಿತು. ಮಳೆಗಾಲ ಮುಗಿದು ಬಿಸಿಲು ಬಂದ ಮೇಲೆ, ಅಕ್ಟೋಬರದಲ್ಲಿ, ಸತ್ತಿತು. ನನ್ನ ತಲೆಯಲ್ಲಿ ಕಥೆ ಪೂರ್ತಿಯಾಯಿತು. ಥಂಡಿಯ ಮಾತು ಸುಳ್ಳು. ಸಿಡಿಲಂತೂ ಇರಲಾರದು, ಏಕೆಂದರೆ ಗುಡುಗು ಕೇಳಿದೊಡನೆ ಗೋಡೆಯ ಸ್ವಿಚ್ಚು ಆರಿಸುವುದು ನನ್ನ ವ್ರತ. ಹಾಗಾದರೆ ಉಳಿದದ್ದು ಒಂದೇ. ಈ ಹುಡುಗ ಕೆಟ್ಟ ಕಾರ್ಡನ್ನೇ ಒರೆಸಿ ಮತ್ತೆ ಮತ್ತೆ ತಂದು ಹಾಕುತ್ತಿದ್ದಾನೆ. ಶನಿವಾರ ಶಾಲೆ ಬಿಟ್ಟು ಬರುವಾಗ ಸೀದಾ ಅವನ ಅಂಗಡಿಗೆ ಹೋದೆ. ನಾಲ್ಕೈದು ಗಿರಾಕಿಗಳಿದ್ದರು. "ಹಳೇದನ್ನೇ ತಿರುಗಿ ತಿರುಗಿ ಮಾರ್‍ತೀಯೇನೋ? ಇದನ್ನೇನೋ ನಾನು ನಿನಗೆ ಕಲಿಸಿದ್ದು?" ಎಂದೆ. ಅವನು ಎದುರು ಮಾತಾಡಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದ. ತಪ್ಪು ಮಾಡಿದವನಿಗೆ ಬಾಯಿಲ್ಲ ಎಂದು ನಾನು ಅರ್ಥಮಾಡಿಕೊಂಡೆ. ಅಷ್ಟೇ ಆಗಿದ್ದರೂ ಆಗಿತ್ತು. ಆ ವಾರವೇ ನಮ್ಮ ಶಾಲೆಯ ಹತ್ತು ಕಂಪ್ಯೂಟರುಗಳ ವರ್ಷದ ಉಸ್ತುವಾರಿ ಯಾರಿಗೆ ಕೊಡೋಣವೆಂದು ಹೆಡ್‌ಮಾಸ್ತರರು ಕೇಳಿದರು. ಅವನ ಹೆಸರು ಬಂದಾಗ, "ಬೇಡ ಸರ್, ನನಗೆ ಅನುಭವವಾಗಿದೆ" ಎಂದೆ. ಕೆಲಸ ಬೇರೆಯವರ ಪಾಲಾಯಿತು.

ದೀಪಾವಳಿಗೆ ಮನೆ ತೊಳೆಯುವಾಗ ಹಳೇಮನೆಯ ಮೆತ್ತಿನ ಮೇಲಿನ ಕಾಗದ ಪತ್ರಗಳನ್ನು ಬಿಸಿಲಿಗೆ ಹಾಕುವುದು ನನ್ನ ಪಾಲಿನ ಕೆಲಸ. ಅವುಗಳ ನಡುವೆ ಮಾವನ ಮಳೆ ಪುಸ್ತಕ ಇರುತ್ತಿತ್ತು. ಅಡಿಕೆ ಬೆಳೆಯುವ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹೊಳವು ನೋಡಬೇಕಲ್ಲ. ಮಾವ ಬರಿಯ ಮಳೆಯಷ್ಟನ್ನೇ ಬರೆಯುತ್ತಿರಲಿಲ್ಲ. ಗಾಳಿ, ಗುಡುಗು, ಯಾವ ದಿನ ಯಾವ ದನ ಕರು ಹಾಕಿತು, ಎಲ್ಲವೂ ಒಂದೊಂದು ಸಾಲು. ಪುಟ ಬಿಡಿಸಿ ಬಿಸಿಲಿಗಿಡುವಾಗ ಅಕ್ಟೋಬರ 12ರ ಸಾಲಿನ ಮೇಲೆ ಕಣ್ಣು ಬಿತ್ತು. "ಸಂಜೆ ಗುಡುಗು ಬಹಳ. ಮಳೆ 6 ಮಿ.ಮೀ." ಕಾರ್ಡು ಸತ್ತದ್ದು ಮರುದಿನ ಬೆಳಿಗ್ಗೆ. ಎದೆ ಧಸಕ್ಕೆಂದಿತು. ಓಡಿಹೋಗಿ ಬಿಸ್ಕತ್ತಿನ ಡಬ್ಬಿ ತಂದು ಬಿಲ್ಲುಗಳನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಅಂಗಳದಲ್ಲೇ ಕೂತೆ. ಏಪ್ರಿಲ್ 19: "ಗುಡುಗು, ಗಾಳಿ. ಮಳೆ 11." ಮೇ 8: "ಸಿಡಿಲು. ಕೆಳಗಿನ ತೋಟದ ತೆಂಗು ಹೋಯಿತು. ಮಳೆ 23." ಮೂರೂ ಸಲ ಹುಡುಗನನ್ನು ಕರೆದದ್ದು ಮರುದಿನವೇ. ಜುಲೈ ತಿಂಗಳ ಪುಟ ತಿರುವಿದರೆ ದಿನಕ್ಕೆ ನೂರು, ನೂರನಲವತ್ತು ಮಿಲಿಮೀಟರ್ ಮಳೆ. ಗುಡುಗಿನ ಸುದ್ದಿಯೇ ಇಲ್ಲ. ನಮ್ಮ ಕಡೆ ಗುಡುಗು ಸಿಡಿಲೆಲ್ಲ ಮಳೆಗಾಲಕ್ಕೆ ಮುಂಚಿನ ಏಪ್ರಿಲ್ ಮೇ ತಿಂಗಳಲ್ಲಿ, ಮತ್ತೆ ಮಳೆ ಹಿಂತಿರುಗುವ ಅಕ್ಟೋಬರದಲ್ಲಿ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದದ್ದನ್ನು ಪಕ್ಕಕ್ಕೆ ಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೆ.

ಇನ್ನು ಆ ಹನ್ನೆರಡು ಅಂಕೆ ಅಕ್ಷರಗಳು. ಮೂರು ಚೀಟಿಯಲ್ಲಿ ಮೂರು ಬೇರೆ ಬೇರೆ ಸಾಲು. ಮೂರನೆಯ ಕಾರ್ಡು ಇನ್ನೂ ನಮ್ಮ ಮನೆಯಲ್ಲೇ ಇತ್ತಲ್ಲ, ಅದನ್ನು ತೆಗೆದು ಕನ್ನಡಕ ಹಾಕಿಕೊಂಡು ನೋಡಿದೆ. ಅದರ ಮೈಮೇಲಿನ ಸಣ್ಣ ಬಿಳಿ ಚೀಟಿಯಲ್ಲೂ ಮೂರನೆಯ ಬಿಲ್ಲಿನ ಸಾಲೇ ಇತ್ತು. ಭಾವನ ಮಗನನ್ನು ಕೇಳಿದರೆ, "ಚಿಕ್ಕಿ, ಜಗತ್ತಿನಲ್ಲಿ ಒಂದು ಕಾರ್ಡಿಗಿದ್ದ ನಂಬರು ಇನ್ನೊಂದಕ್ಕೆ ಇರೂದಿಲ್ಲ, ಕಾರ್ಖಾನೆಯಲ್ಲೇ ಹಾಕಿರ್‍ತಾರೆ" ಎಂದ. ಹುಡುಗ ಪ್ರತಿ ಸಲವೂ ಹೊಸ ಕಾರ್ಡನ್ನೇ ತಂದಿದ್ದ. ಅದರ ಸಾಕ್ಷ್ಯವನ್ನು ತನ್ನ ಕೈಯಾರೆ ಬರೆದು ನನ್ನ ಕೈಗೆ ಕೊಟ್ಟಿದ್ದ. ನಾನು ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟು ಅವನಿಗೆ ಶಿಕ್ಷೆ ವಿಧಿಸಿದ್ದೆ.

ಆ ಮೇಲೆ ಈ ಕಾರ್ಡಿನ ಪೂರ್ವೋತ್ತರವನ್ನು ತಿಳಿಯದೆ ನನಗೆ ಸಮಾಧಾನವಾಗಲಿಲ್ಲ. ಇತಿಹಾಸದವಳ ಪ್ರಾಯಶ್ಚಿತ್ತ ಇನ್ನು ಹೇಗಿದ್ದೀತು?

ಈ ಕಾರ್ಡಿನ ಕುಲದ ಹೆಸರು ಈಥರ್‌ನೆಟ್. ಅದರ ಮೂಲ ಹುಡುಕಿದರೆ ಹವಾಯಿ ದ್ವೀಪಗಳಿಗೆ ಹೋಗುತ್ತೇವೆ. ಅಲ್ಲಿಯ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರು ದ್ವೀಪದಿಂದ ದ್ವೀಪಕ್ಕೆ ಕಂಪ್ಯೂಟರುಗಳು ರೇಡಿಯೋ ಮೂಲಕ ಮಾತಾಡುವ ಏರ್ಪಾಟನ್ನು 1971ರಲ್ಲಿ ನಡೆಸಿ ತೋರಿಸಿದರು. ಅದರ ಹೆಸರು ಅಲೋಹಾನೆಟ್. ಎಲ್ಲರಿಗೂ ಒಂದೇ ರೇಡಿಯೋ ಅಲೆ. ಯಾರಿಗೆ ಬೇಕಾದಾಗ ಅವರು ಮಾತಾಡಬಹುದು. ಇಬ್ಬರ ಮಾತು ಒಟ್ಟಿಗೆ ಬಿದ್ದು ಕೆಟ್ಟರೆ, ಇಬ್ಬರೂ ಸ್ವಲ್ಪ ಹೊತ್ತು ತಡೆದು ಮತ್ತೆ ಹೇಳಬೇಕು. ಆ ಸ್ವಲ್ಪ ಹೊತ್ತು ಇಬ್ಬರಿಗೂ ಒಂದೇ ಆಗಿರಬಾರದು ಎಂಬಲ್ಲಿಯೇ ಜಾಣತನ.

ಅದೇ ಹೊತ್ತಿಗೆ ಅಮೆರಿಕದ ಹಾರ್ವರ್ಡಿನಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ತರುಣನ ಡಾಕ್ಟರೇಟ್ ಪ್ರಬಂಧ ತಿರಸ್ಕೃತವಾಗಿತ್ತು. ಅಬ್ರಾಮ್ಸನ್‌ರ ಲೇಖನ ಅವನ ಕಣ್ಣಿಗೆ ಬಿತ್ತು. ಅದರ ಗಣಿತವನ್ನು ತಿದ್ದಿ ತನ್ನ ಪ್ರಬಂಧಕ್ಕೆ ಸೇರಿಸಿ 1973ರಲ್ಲಿ ಪದವಿ ಪಡೆದ. ಆಗ ಅವನು ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದ. ಅಲ್ಲಿ ಒಂದು ಕಟ್ಟಡದ ಕಂಪ್ಯೂಟರುಗಳನ್ನೆಲ್ಲ ಹೊಸ ಲೇಸರ್ ಮುದ್ರಣ ಯಂತ್ರಕ್ಕೆ ಜೋಡಿಸಬೇಕಿತ್ತು. 1973ರ ಮೇ 22ರಂದು ಅವನು ಬರೆದ ಟಿಪ್ಪಣಿಯಲ್ಲಿ ಈಥರ್ ಎಂಬ ಮಾತು ಬರುತ್ತದೆ. ಡೇವಿಡ್ ಬಾಗ್ಸ್ ಎಂಬ ಜೊತೆಗಾರನೊಂದಿಗೆ ಸೇರಿ ಅದನ್ನು ಕಟ್ಟಿದ. ಮಾತಾಡುವುದಕ್ಕೆ ಮುಂಚೆ ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಆಲಿಸು; ಮಾತಾಡುವಾಗಲೂ ಆಲಿಸುತ್ತಿರು; ಡಿಕ್ಕಿಯಾದರೆ ತಕ್ಷಣ ನಿಲ್ಲಿಸು; ಇನ್ನೂ ಡಿಕ್ಕಿಯಾದರೆ ಇನ್ನೂ ಹೆಚ್ಚು ಹೊತ್ತು ಕಾಯಿ. ಇಷ್ಟೇ ನಿಯಮ. ನಾಲ್ಕು ಸೊಸೆಯಂದಿರಿರುವ ಅಡಿಗೆಮನೆಯಲ್ಲಿ ಬಾಳಿದ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಿಸದೆ ಮಾತಾಡಿದವಳು ನಾನು ಎಂಬುದು ಮಾತ್ರ ಇದನ್ನು ಓದುವಾಗ ಚುಚ್ಚಿತು.

ಈಥರ್ ಎಂಬ ಹೆಸರಿಗೂ ಒಂದು ಕಥೆಯಿದೆ. ನಮ್ಮ ಪಂಚಭೂತಗಳಲ್ಲಿ ಆಕಾಶ ಐದನೆಯದು. ನ್ಯಾಯ ವೈಶೇಷಿಕರು ಶಬ್ದ ಆಕಾಶದ ಗುಣ ಎಂದರು. ಪಶ್ಚಿಮದವರು ಬೆಳಕು ಹರಿಯಲು ಜಗತ್ತೆಲ್ಲ ತುಂಬಿದ ಕಾಣದ ದ್ರವ್ಯವೊಂದು ಬೇಕೆಂದು ನಂಬಿ ಅದನ್ನು ಈಥರ್ ಎಂದರು. 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲಿ ಎಂಬ ಇಬ್ಬರು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಪ್ರಯೋಗ ಮಾಡಿದಾಗ ಅದರ ಸುಳಿವೇ ಸಿಗಲಿಲ್ಲ. ವಿಜ್ಞಾನ ಕೈಬಿಟ್ಟ ಆ ಹೆಸರನ್ನು ಮೆಟ್‌ಕಾಫ್ ಎತ್ತಿಕೊಂಡು, ಎಲ್ಲೆಡೆ ಹಬ್ಬಿದ ತನ್ನ ತಂತಿಗೆ ಇಟ್ಟ.

ಆ ಮೊದಲ ಜಾಲದಲ್ಲಿ ಒಂದೊಂದು ಯಂತ್ರಕ್ಕೆ ಕೊಟ್ಟ ವಿಳಾಸ ಎಂಟು ಬಿಟ್ಟಿನದು. ಎಂದರೆ ಹೆಚ್ಚೆಂದರೆ 256 ಯಂತ್ರ. 1979ರಲ್ಲಿ ಮೆಟ್‌ಕಾಫ್ ಜೆರಾಕ್ಸ್ ಬಿಟ್ಟು ತ್ರೀಕಾಮ್ ಎಂಬ ಕಂಪನಿ ಕಟ್ಟಿದ. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಮೂರೂ ಕಂಪನಿಗಳು ಸೇರಿ ಈಥರ್‌ನೆಟ್ಟಿನ ನಿಯಮಗಳನ್ನು ಪ್ರಕಟಿಸಿದವು. ಆಗ ವಿಳಾಸ 48 ಬಿಟ್ಟಿಗೆ ಏರಿತು. ಲೆಕ್ಕ ಹಾಕಿದರೆ 281 ಲಕ್ಷ ಕೋಟಿ ವಿಳಾಸಗಳು. ಮೊದಲರ್ಧ ತಯಾರಕನ ಗುರುತು, ಉಳಿದರ್ಧ ಆ ಒಂದು ಕಾರ್ಡಿನದು. ನಮ್ಮಲ್ಲಿ ಗೋತ್ರ ಹೇಳಿ ಆಮೇಲೆ ಹೆಸರು ಹೇಳುವ ಕ್ರಮವಿದೆಯಲ್ಲ, ಹಾಗೆ. 1982ರಲ್ಲಿ ಸಾಮಾನ್ಯ ಮೇಜಿನ ಕಂಪ್ಯೂಟರಿಗೆ ಹಾಕುವ ಕಾರ್ಡನ್ನು ತ್ರೀಕಾಮ್ ಮಾರಿತು. 1990ರಲ್ಲಿ ಫೋನಿನ ತಂತಿಯಂಥ ಹೆಣೆದ ಜೋಡಿ ತಂತಿಯಲ್ಲಿ ಈಥರ್‌ನೆಟ್ ಹರಿಸುವ ನಿಯಮ ಬಂತು. ಹಾಗಾಗಿ ಅದು ಮನೆಗಳನ್ನು ಹೊಕ್ಕಿತು. ನಮ್ಮ ದೇಶದಲ್ಲಿ 1986ರಲ್ಲಿ ಮೊದಲಾದ ಎರ್‌ನೆಟ್ ಎಂಬ ವಿದ್ಯಾಸಂಸ್ಥೆಗಳ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಹುಡುಗ ಬಿಲ್ಲಿನ ಮೇಲೆ ಬರೆದ ಹನ್ನೆರಡು ಅಂಕೆ ಅಕ್ಷರಗಳ ಹಿಂದೆ ಇಷ್ಟೆಲ್ಲ ಇತ್ತು.

ಆದರೂ ಒಂದು ಗಂಟು ಬಿಡಿಸದೆ ಉಳಿದಿತ್ತು. ಸ್ವಿಚ್ಚು ಆರಿಸಿದ್ದರೂ ಸಿಡಿಲು ಒಳಗೆ ಬಂದದ್ದು ಹೇಗೆ? ಇದನ್ನು ಬಿಡಿಸಿದವರು ನಮ್ಮೂರಿನ ನಿವೃತ್ತ ಲೈನ್‌ಮನ್ ಒಬ್ಬರು. ಹಬ್ಬಕ್ಕೆ ಮಾವನನ್ನು ಮಾತಾಡಿಸಲು ಬಂದವರು ಅಂಗಳದಲ್ಲಿ ನಿಂತು ತಲೆ ಎತ್ತಿ, "ತಂಗೀ, ಈ ತಂತಿಗೆ ಅರೆಸ್ಟರ್ ಎಲ್ಲದೆ?" ಎಂದರು. ಫೋನಿನ ತಂತಿ ಮನೆಯೊಳಗೆ ಬರುವಲ್ಲಿ ಒಂದು ಡಬ್ಬಿ ಇರುತ್ತದೆ, ಅದಕ್ಕೆ ಭೂಮಿಯ ತಂತಿ ಇರುತ್ತದೆ. ತಂತಿಯಲ್ಲಿ ಹದ ಮೀರಿದ ವಿದ್ಯುತ್ತು ಬಂದರೆ ಅದು ಅಲ್ಲಿಯೇ ಹಾರಿ ಭೂಮಿಗೆ ಇಳಿಯಬೇಕು. ಇದು ಟೆಲಿಗ್ರಾಫ್ ಕಾಲದ ವಿದ್ಯೆ ಎಂದರು.

ನಿಜವೇ. ಸಿಡಿಲನ್ನು ಭೂಮಿಗೆ ಇಳಿಸಬಹುದೆಂದು ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ್ದ. ಅವನ ಸೂಚನೆಯಂತೆ 1752ರ ಮೇ 10ರಂದು ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ ಕಬ್ಬಿಣದ ಸರಳು ನೆಟ್ಟು ಮೋಡದಿಂದ ಕಿಡಿ ಪಡೆದರು. ಮರುವರ್ಷವೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್‌ಮನ್ ಎಂಬ ವಿಜ್ಞಾನಿ ಅಂಥದೇ ಪ್ರಯೋಗ ಮಾಡುವಾಗ ಸಿಡಿಲಿಗೆ ಬಲಿಯಾದ. ಸರಳು ಭೂಮಿಗೆ ಸರಿಯಾಗಿ ಮುಟ್ಟಿರದಿದ್ದರೆ ಅದು ಕಾಯುವುದಿಲ್ಲ, ಕೊಲ್ಲುತ್ತದೆ. ಟೆಲಿಗ್ರಾಫ್ ಬಂದ ಮೇಲೆ ಊರಿಂದೂರಿಗೆ ತಂತಿ ಹಾಸಿತು, ಮನುಷ್ಯ ತಾನೇ ಸಿಡಿಲಿಗೆ ದಾರಿ ಮಾಡಿಕೊಟ್ಟಂತಾಯಿತು. ನಮ್ಮ ದೇಶದಲ್ಲಿ ಓಶಾನೆಸ್ಸಿ ಎಂಬ ವೈದ್ಯ 1839ರಲ್ಲಿ ಕಲ್ಕತ್ತೆಯಲ್ಲಿ ಪ್ರಯೋಗದ ತಂತಿ ಹಾಕಿದ್ದ. 1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ತಂತಿ ಬಂತು. 1855ರಿಂದ ಸಾರ್ವಜನಿಕರೂ ತಂತಿ ಕಳಿಸಬಹುದಾಯಿತು. 1859ರ ಸೆಪ್ಟೆಂಬರಿನಲ್ಲಿ ಸೂರ್ಯನ ಬಿರುಗಾಳಿಯೊಂದು ಭೂಮಿಗೆ ಬಡಿದಾಗ ಉದ್ದನೆಯ ಟೆಲಿಗ್ರಾಫ್ ತಂತಿಗಳಲ್ಲಿ ಎಷ್ಟು ವಿದ್ಯುತ್ತು ಹುಟ್ಟಿತೆಂದರೆ, ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ಊರಿನ ನೌಕರರು ಬ್ಯಾಟರಿ ಕಳಚಿಟ್ಟು ಅದರಲ್ಲೇ ಸುದ್ದಿ ಕಳಿಸಿದರು. ಉದ್ದ ತಂತಿ ಎಂದರೆ ಸುಮ್ಮನೆ ಬಿದ್ದಿರುವ ವಸ್ತುವಲ್ಲ.

ಲೈನ್‌ಮನ್ ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸಿಡಿಲು ಬಿದ್ದಲ್ಲಿ ಸಾವಿರಾರು ಆಂಪಿಯರ್ ವಿದ್ಯುತ್ತು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ನೆಲಕ್ಕೆ ಇಳಿಯುತ್ತದೆ. ನೆಲದಲ್ಲಿ ಅದು ಕಲ್ಲೆಸೆದ ಕೆರೆಯ ಅಲೆಯಂತೆ ಹರಡುತ್ತದೆ. ಆ ಕ್ಷಣ ಹಳೇಮನೆಯ ನೆಲಕ್ಕೂ ಹೊಸಮನೆಯ ನೆಲಕ್ಕೂ ಸಾವಿರಾರು ವೋಲ್ಟ್ ಅಂತರ. ಎರಡು ಮನೆಗೆ ಎರಡು ಅರ್ಥಿಂಗ್ ಗುಂಡಿ; ನಡುವೆ ನಮ್ಮ ಬೂದು ಕೇಬಲ್ಲು. ಅಂತರ ಸರಿದೂಗಿಸಿಕೊಳ್ಳಲು ವಿದ್ಯುತ್ತಿಗೆ ಆ ಕೇಬಲ್ಲೇ ಸೇತುವೆ. ಸಿಡಿಲು ತಂತಿಯ ಮೇಲೆಯೇ ಬೀಳಬೇಕಾಗಿಲ್ಲ, ಹತ್ತಿರ ಬಿದ್ದರೂ ಸಾಕು. ಕಾರ್ಡಿನಲ್ಲಿ ತಂತಿ ಬಂದು ಸೇರುವಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಒಂದಿದೆ. 1500 ವೋಲ್ಟಿನವರೆಗೆ ಅದು ತಡೆದು ನಿಲ್ಲಬೇಕೆಂದು ನಿಯಮ. ಅದನ್ನು ಮೀರಿದರೆ ಹಿಂದಿರುವ ಚಿಪ್ಪು ಉಳಿಯುವುದಿಲ್ಲ. ಗೋಡೆಯ ಸ್ವಿಚ್ಚು? ಅದು ಕಡಿಯುವುದು ಒಂದೇ ತಂತಿಯನ್ನು. ಪ್ಲಗ್ಗಿನ ದಪ್ಪ ಕಾಲು, ಭೂಮಿಯದು, ಸ್ವಿಚ್ಚು ಆರಿಸಿದರೂ ಹಾಗೆಯೇ ಕೂಡಿಕೊಂಡಿರುತ್ತದೆ. ನಾನು ಬಾಗಿಲು ಹಾಕಿ, ಕಿಟಕಿ ತೆರೆದಿಟ್ಟು, ಕಳ್ಳ ಬಂದನೆಂದು ಕಾವಲುಗಾರನನ್ನು ಬೈದಿದ್ದೆ.

ನಮ್ಮ ಹೊಸಮನೆಯ ಅರ್ಥಿಂಗ್ ಗುಂಡಿಯನ್ನೂ ಅಂದೇ ನೋಡಿದೆವು. ಉಪ್ಪು ಇದ್ದಿಲು ಹಾಕಿ ಹುಗಿದ ಕೊಳವೆಯ ಸುತ್ತ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ತಂತಿಯ ನಟ್ಟು ಕಿಲುಬು ಹಿಡಿದು ಸಡಿಲಾಗಿತ್ತು. ನಟ್ಟು ಉಜ್ಜಿ ಬಿಗಿ ಮಾಡಿಸಿದೆವು. ಬೇಸಿಗೆಯಲ್ಲಿ ದಿನಾ ತುಳಸಿಗೆ ನೀರು ಹಾಕುವಾಗ ಅಲ್ಲಿಗೂ ಒಂದು ಕೊಡ ಹಾಕುವ ಕೆಲಸವನ್ನು ಅತ್ತೆ ತಾವಾಗಿಯೇ ವಹಿಸಿಕೊಂಡರು. ನಿಮ್ಮ ಮನೆಯ ಹಿತ್ತಲಿನಲ್ಲೂ ಅಂಥದೊಂದು ಗುಂಡಿ ಇರುತ್ತದೆ. ಕಡೆಯ ಸಲ ಯಾವಾಗ ನೋಡಿದ್ದಿರಿ?

ಹಬ್ಬ ಮುಗಿದ ಮೊದಲ ಶನಿವಾರ ಮೂರು ಬಿಲ್ಲು, ಮಳೆ ಪುಸ್ತಕ, ಸತ್ತ ಕಾರ್ಡು ಎಲ್ಲ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ. ಬೈದದ್ದು ಜನರೆದುರು, ಹಾಗಾಗಿ ಗಿರಾಕಿಗಳು ಬರುವವರೆಗೆ ಕಾದು ನಿಂತೆ. ಇಬ್ಬರು ಬಂದ ಮೇಲೆ, "ಆವತ್ತು ನಾನು ಆಡಿದ ಮಾತು ಸುಳ್ಳು. ನೀನು ಪ್ರತಿ ಸಲವೂ ಹೊಸ ಕಾರ್ಡೇ ಹಾಕಿದ್ದೆ. ತಪ್ಪು ನನ್ನದು" ಎಂದೆ. ನನ್ನ ಗಂಟಲು ಕಟ್ಟಿತ್ತು. ಅವನು ಪುಸ್ತಕ ತೆಗೆದುಕೊಂಡು ತಾರೀಕುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದ. "ಇರ್‍ಲಿ ಬಿಡಿ ಅಕ್ಕೋರೆ. ಎರಡು ಮನೆ ನಡುವೆ ತಾಮ್ರದ ತಂತಿ ಎಳೀಬಾರ್‍ದು ಅಂತ ನಂಗೂ ಗೊತ್ತಿರ್‍ಲಿಲ್ಲ. ಥಂಡಿ ಅಂದಿದ್ದು ನಂದೂ ತಪ್ಪೇ" ಎಂದ. ಸ್ವಲ್ಪ ತಡೆದು, "ಶಾಲೆದು ಸಿಕ್ಕಿದ್ರೆ ಈ ಅಂಗಡಿ ಬಾಡಿಗೆ ಹೊರಡ್ತಿತ್ತು" ಎಂದ. ಅವನು ದೂರಿ ಹೇಳಿದ್ದಲ್ಲ. ಲೆಕ್ಕ ಹೇಳಿದಂತೆ ಹೇಳಿದ. ಸೋಮವಾರ ಹೆಡ್‌ಮಾಸ್ತರರ ಬಳಿ ನನ್ನ ತಪ್ಪೊಪ್ಪಿಕೊಂಡೆ. ಅವರು ಪಾಪ ಒಳ್ಳೆಯವರು. ಆದರೆ ಕಾಗದಕ್ಕೆ ಸಹಿಯಾಗಿತ್ತು, ವರ್ಷ ಮುಗಿಯುವವರೆಗೆ ಏನೂ ಮಾಡುವಂತಿರಲಿಲ್ಲ. ಬೈದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಆ ಮಾತು ಮಾಡಿಟ್ಟ ಕೆಲಸವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ.

2007ರಲ್ಲಿ ಅವನೇ ಬಂದು ತೆಂಗಿನ ಮರದ ಮೇಲಿನ ಕೇಬಲ್ಲನ್ನು ಇಳಿಸಿ, ತಂತಿಯಿಲ್ಲದೆ ರೇಡಿಯೋ ಅಲೆಯಲ್ಲಿ ಹೋಗುವ ಪೆಟ್ಟಿಗೆ ಕೂರಿಸಿದ. ಯೋಚಿಸಿ ನೋಡಿದರೆ ನಾವು ಹವಾಯಿಗೇ ಹಿಂತಿರುಗಿದಂತಾಯಿತು. ಆಮೇಲೆ ನಮ್ಮ ಮನೆಯ ಒಂದು ಕಾರ್ಡೂ ಸಾಯಲಿಲ್ಲ. ಮರುವರ್ಷ ಅವನು ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋದ. ನನ್ನಿಂದಾಗಿಯೇ ಹೋದ ಎಂದರೆ ನನಗೆ ನಾನೇ ಹೆಚ್ಚಿನ ಮಹತ್ವ ಕೊಟ್ಟುಕೊಂಡಂತೆ. ನನ್ನ ಪಾಲು ಏನೂ ಇಲ್ಲ ಎಂದರೆ ಸುಳ್ಳು. ಈಗ ಅಲ್ಲಿ ದೊಡ್ಡ ದೊಡ್ಡ ಕಟ್ಟಡಗಳಿಗೆ ಜಾಲ ಹಾಕಿಸುವ ಕೆಲಸದಲ್ಲಿದ್ದಾನೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಬಂದಾಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮನೆಗೂ ಬರುತ್ತಾನೆ. "ಮಳೆ ಪುಸ್ತಕ ಉಂಟಲ್ಲ ಅಕ್ಕೋರೆ?" ಎಂದು ಕೇಳಿ ನಗುತ್ತಾನೆ.

ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈಯಲ್ಲಿ ನಿಂತಿತು. ಮೆಟ್‌ಕಾಫರಿಗೆ 2022ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂತು. ಜೊತೆಗಾರ ಬಾಗ್ಸ್ ಅದೇ 2022ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಈಚೆಗೆ ಹಳೇಮನೆಗೆ ಗಾಜಿನ ಎಳೆಯ ಸಂಪರ್ಕ ಬಂದಿದೆ. ಗಾಜಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದರೂ ಕರೆಂಟಿನ ತಂತಿ ಇದ್ದೇ ಇದೆಯಲ್ಲ, ಗುಡುಗು ಕೇಳಿದರೆ ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತಿಡುತ್ತೇನೆ.

ಮಾವ ಈಗ ಇಲ್ಲ. ಮಳೆ ಪುಸ್ತಕ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಎಂಟೂವರೆಗೆ ಮಾಪಕದ ನೀರು ಅಳೆದು ಒಂದು ಸಾಲು ಬರೆಯುತ್ತೇನೆ. ಮಳೆ ಎಷ್ಟು ಎನ್ನುವುದರ ಪಕ್ಕದಲ್ಲಿ ಗುಡುಗು ಇತ್ತೋ ಇಲ್ಲವೋ ಎನ್ನುವುದನ್ನೂ ಮರೆಯದೆ ಬರೆಯುತ್ತೇನೆ. ಮುಂದೆ ಯಾರ ಮೇಲಾದರೂ ಅನುಮಾನ ಬಂದರೆ, ತೆರೆದು ನೋಡಲು ಒಂದು ಪುಟ ಇರಲಿ ಎಂದು.